ಕಾರಗುಂಡದ ಶಾಲೆಗೆ ಹೆಡ್‌ಮಾಸ್ತರರು ಸಿಕ್ಕ ಬಗೆ

ಸರಕಾರಿ ಶಾಲೆಗೆ ಹೆಡ್‌ಮಾಸ್ತರರಾಗಲು ನಮ್ಮ ಕಡೆ ಎರಡು ದಾರಿಗಳಿವೆ. ಬಡ್ತಿ ಪಡೆದು ಆಗುವುದು ಒಂದು, ಬಡ್ತಿ ಬೇಡವೆಂದು ಬರೆದುಕೊಟ್ಟು ಆಗುವುದು ಇನ್ನೊಂದು. ಮೊದಲನೆಯ ದಾರಿಯಲ್ಲಿ ಜನಸಂಚಾರ ಕಡಿಮೆ. ಕಾರಗುಂಡ ಶಾಲೆಯ ರೇವಣಸಿದ್ದ ಮಾಸ್ತರರು ಎರಡನೆಯ ದಾರಿಯಿಂದ ಬಂದವರು.

ಮಾಸ್ತರರಿಗೆ ಶಹಾಪುರದಲ್ಲಿ, ನಮ್ಮ ಓಣಿಯಲ್ಲೇ, ಸ್ವಂತ ಮನೆ. ಶಿರವಾಳದ ರಸ್ತೆ ಹಿಡಿದರೆ ಬೈಕಿನಲ್ಲಿ ಕಾರಗುಂಡ ಏನೂ ದೂರವಲ್ಲ. ಬಡ್ತಿ ಬಂದರೆ ಬೇರೆ ಊರಿಗೆ ಹೋಗಬೇಕು. ಅಲ್ಲಿ ಎಂಥ ನೀರೋ, ಎಂಥ ಜನರೋ. ಆದ್ದರಿಂದ ಅವರು ‘ಕೌಟುಂಬಿಕ ಕಾರಣಗಳಿಂದ ನನಗೆ ಬಡ್ತಿ ಬೇಡ’ ಎಂದು ಬರೆದುಕೊಟ್ಟು, ಪೀಡೆ ತೊಲಗಿತೆಂದು ಶಿರವಾಳದ ಗುಡಿಯಲ್ಲಿ ಕಾಯಿ ಒಡೆಸಿ ಬಂದರು. ಮುಂದಿನ ತಿಂಗಳೇ ಕಾರಗುಂಡದ ಹಳೆಯ ಹೆಡ್‌ಮಾಸ್ತರರು ನಿವೃತ್ತರಾದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹುದ್ದೆ ಖಾಲಿ ಬಿದ್ದಾಗ ಶಾಲೆಯಲ್ಲಿ ಯಾರು ಹಿರಿಯರೋ ಅವರ ಕೊರಳಿಗೆ ಚಾರ್ಜು ಕಟ್ಟುವುದು ಪದ್ಧತಿ. ಹೀಗೆ ಹೆಡ್‌ಮಾಸ್ತರಿಕೆ ಬೇಡವೆಂದವರು, ಮಾಸ್ತರರ ಪಗಾರದಲ್ಲೇ, ಹೆಡ್‌ಮಾಸ್ತರರಾದರು. ಕೋಣೆಯ ಬಾಗಿಲ ಮೇಲೆ ‘ಪ್ರಭಾರಿ ಮುಖ್ಯ ಗುರುಗಳು’ ಎಂಬ ಬೋರ್ಡು ಬಂತು. ಊರವರ ಬಾಯಲ್ಲಿ ಅದು ಇನ್‌ಚಾರ್ಜ್.

ಅವರಿಗೆ ಪಾಠ ಮಾಡುವುದು ಬರುತ್ತಿತ್ತು. ಏಳನೆಯ ತರಗತಿಗೆ ಗಣಿತ ಹೇಳಲು ನಿಂತರೆ ಕಿಟಕಿಯ ಹೊರಗೆ ಹೋಗುವವರೂ ಒಂದು ಗಳಿಗೆ ನಿಂತು ಕೇಳುತ್ತಿದ್ದರು. ಶಾಲೆ ನಡೆಸುವುದು ಮಾತ್ರ ಬರುತ್ತಿರಲಿಲ್ಲ, ಯಾರೂ ಕಲಿಸಿರಲಿಲ್ಲ. ಕೈಗೆ ಬೀಗದ ಕೈ ಗೊಂಚಲು ಕೊಟ್ಟು ಸಹಿ ಮಾಡಿಸಿಕೊಂಡಿದ್ದರು. ಅದೇ ನೇಮಕ, ಅದೇ ತರಬೇತಿ. ಬೆಂಬಲವೆಂದರೆ ವಾಟ್ಸಾಪಿನಲ್ಲಿ ‘ತುರ್ತು’ ಎಂದು ಬರುವ ಸಂದೇಶಗಳು. ಮೊಟ್ಟೆಯ ಫೋಟೋ ಕಳಿಸಿ, ಶೌಚಾಲಯದ ಫೋಟೋ ಕಳಿಸಿ, ಮಕ್ಕಳು ಕೈ ತೊಳೆಯುವ ಫೋಟೋ ಕಳಿಸಿ. ಒಮ್ಮೆ ಇವರು ಗಾಬರಿಯಲ್ಲಿ ಮೊಟ್ಟೆ ಕೇಳಿದವರಿಗೆ ಶೌಚಾಲಯವನ್ನೂ, ಶೌಚಾಲಯ ಕೇಳಿದವರಿಗೆ ಮೊಟ್ಟೆಯನ್ನೂ ಕಳಿಸಿದ್ದರು. ಎರಡೂ ಕಡೆಯಿಂದ ‘ಉತ್ತಮ’ ಎಂದು ಉತ್ತರ ಬಂದಿತ್ತು.

ಶಾಲೆಯನ್ನು ನಿಜವಾಗಿ ನಡೆಸುತ್ತಿದ್ದವರು ಪಂಚಶೀಲಾ ಟೀಚರು. ಒಂದರಿಂದ ಮೂರರ ಮಕ್ಕಳಿಗೆ ಪಾಠ ಹೇಳುತ್ತಿದ್ದ ಅವರನ್ನು ಊರಿಗೆ ಊರೇ ಅಕ್ಕೋರು ಎನ್ನುತ್ತಿತ್ತು. ಹತ್ತಿ ಬಿಡಿಸುವ ಸುಗ್ಗಿ ಬಂತೆಂದರೆ ಮೇಲಿನ ತರಗತಿಯ ಹುಡುಗಿಯರೆಲ್ಲ ತಾಯಂದಿರ ಹಿಂದೆ ಹೊಲಕ್ಕೆ ಹೋಗಿಬಿಡುತ್ತಿದ್ದರು. ಅಕ್ಕೋರು ಸ್ಕೂಟಿ ತೆಗೆದುಕೊಂಡು ಬದುವಿನವರೆಗೂ ಹೋಗಿ, ತಾಯಂದಿರ ಜೊತೆ ಕುಳಿತು ಬುತ್ತಿಯ ರೊಟ್ಟಿ ತಿಂದು, ಹುಡುಗಿಯರನ್ನು ಕರೆದುಕೊಂಡೇ ಬರುತ್ತಿದ್ದರು.

ಕಾರಗುಂಡದಲ್ಲಿ ಏಳನೆಯ ತರಗತಿಯ ಮುಂದೆ ಶಾಲೆಯಿಲ್ಲ. ಹೈಸ್ಕೂಲಿಗೆ ಪಕ್ಕದ ಊರಿಗೆ ಹೋಗಬೇಕು. ಗಂಡುಹುಡುಗರು ಹೋಗುತ್ತಾರೆ, ಹುಡುಗಿಯರನ್ನು ಯಾರೂ ಕಳಿಸುವುದಿಲ್ಲ. ಇಲ್ಲೇ ಎಂಟನೆಯ ತರಗತಿ ತೆರೆಸಬೇಕೆಂದು ಅಕ್ಕೋರು ಮನೆಮನೆ ತಿರುಗಿ ಅರ್ಜಿ ಬರೆಸಿದ್ದರು. ಆದರೆ ಅರ್ಜಿಯ ಬೆನ್ನು ಹತ್ತಿ ಕಚೇರಿಗೆ ಅಲೆಯುವ ಅಧಿಕಾರ ಕಾಯಂ ಹೆಡ್‌ಮಾಸ್ತರರಿಗೆ. ಇನ್‌ಚಾರ್ಜ್ ಹೋದರೆ ‘ಕಾಯಂ ಬಂದ ಮೇಲೆ ನೋಡೋಣ’ ಎನ್ನುತ್ತಿದ್ದರು. ಈ ಸಲದ ಬಡ್ತಿ ಪಟ್ಟಿಯಲ್ಲಿ ಅಕ್ಕೋರ ಹೆಸರಿತ್ತು. ಕೌನ್ಸೆಲಿಂಗಿನಲ್ಲಿ ಖಾಲಿ ಇರುವ ಶಾಲೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

‘ನಾ ಕಾರಗುಂಡಾನೇ ತಗೋತೀನಿ ಸರ್’ ಎಂದರು ಅಕ್ಕೋರು. ‘ಮುಂದಿನ ಜೂನ್‌ದಾಗ ಎಂಟನೇ ಕ್ಲಾಸ ಚಾಲೂ ಮಾಡೂಣು.’

‘ತಗೋರಿ, ತಗೋರಿ’ ಎಂದರು ಮಾಸ್ತರರು. ‘ನನ್ನ ಕೊಳ್ಳಾಗಿನ ಗುಂಡಕಲ್ಲು ಇಳೀತದ. ನಾ ಗಣಿತ ಹೇಳಕೋತ ಆರಾಮ ಇರತೀನಿ.’

ಇಬ್ಬರಿಗೂ ಲಾಭವಿದ್ದ ಮಾತು. ಇಂಥ ಮಾತು ಕೆಡುವುದಕ್ಕೆ ಮೂರನೆಯವರು ಬೇಕಾಗುತ್ತಾರೆ. ಇಲ್ಲಿ ಬೀಗರು ಬಂದರು.

ಮಾಸ್ತರರ ಮಗಳು ಭುವನೇಶ್ವರಿಗೆ ಯಾದಗಿರಿಯಿಂದ ಒಂದು ಸಂಬಂಧ ಬಂದಿತ್ತು. ವರನ ಚಿಕ್ಕಪ್ಪ ವಿಶ್ವರಾಧ್ಯ, ಮಾಸ್ತರರ ಇಲಾಖೆಯ ಮೇಲಿನ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟು. ಮಾತು ಕಡಿಮೆಯ ಮನುಷ್ಯ. ಹೆಣ್ಣು ನೋಡಲು ಬಂದವರು ಚೂಡಾ ತಿಂದು, ಚಹಾ ಕುಡಿದು, ಹುಡುಗಿಯನ್ನು ಒಪ್ಪುವ ಹಾಗೆಯೇ ಮುಖ ಮಾಡಿ ಕುಳಿತಿದ್ದಾಗ, ಮಾಸ್ತರರ ಹೆಂಡತಿ ಸೌಭಾಗ್ಯಮ್ಮ ಒಳಗಿನಿಂದಲೇ ಒಂದು ಮಾತು ಬಿಟ್ಟರು.

‘ನಮ್ಮ ಮನಿಯವರು ಹೆಡ್‌ಮಾಸ್ತರ ಅದಾರಲ್ರಿ, ಮನ್ಯಾಗ ನಿಲ್ಲಾಕ ಪುರಸೊತ್ತೇ ಇರಂಗಿಲ್ಲ.’

ವಿಶ್ವರಾಧ್ಯ ಕಣ್ಣೆತ್ತಿ ನೋಡಿದರು. ‘ಹೆಡ್‌ಮಾಸ್ತರ ಏನ್ರಿ? ಹ್ಞೂಂ. ರವಿವಾರ ಬಿಟ್ಟು ಸೋಮವಾರ ನಾವೆಲ್ಲ ಶಿರವಾಳದ ಗುಡಿ ನೋಡಾಕ ಹೊಂಟೀವಿ. ದಾರ್ಯಾಗ ನಿಮ್ಮ ಸಾಲೀನೂ ನೋಡಿ ಹೋಗತೀವಿ.’

ಅವರು ಹೋದ ಮೇಲೆ ಮನೆಯಲ್ಲಿ ಸಭೆ ಸೇರಿತು.

‘ಬೋರ್ಡಿನ ಮ್ಯಾಲಿನ ಪ್ರಭಾರಿ ಅನ್ನೋದು ತಗಸ್ರಿ’ ಎಂದರು ಸೌಭಾಗ್ಯಮ್ಮ.

‘ಅದು ಸರಕಾರಿ ಬೋರ್ಡ ಅದ.’

‘ಸರಕಾರ ಬಂದು ನೋಡತದೇನು?’

ಕಾರಗುಂಡದ ಶಾಲೆಯನ್ನು ಸರಕಾರ ಬಂದು ನೋಡಿದ್ದು ಯಾರಿಗೂ ನೆನಪಿರಲಿಲ್ಲ. ಮಾಸ್ತರರು ಸೋತರು.

ಪೇಂಟರ್ ಮುಜಫರ ಶಹಾಪುರದಲ್ಲಿ ಸಿಮೆಂಟು, ಬೀಜ, ಗೊಬ್ಬರದ ಅಂಗಡಿಗಳಿಗೆ ಬೋರ್ಡು ಬರೆಯುವವನು. ಒಂದೇ ಶಬ್ದ ಅಳಿಸು ಎಂದರೆ ಅವನಿಗೆ ಅವಮಾನವಾಯಿತು. ‘ಸರ್, ಅಳಸಿದ್ರ ಅಲ್ಲೊಂದು ಕಲೆ ಉಳೀತದ, ನೋಡಿದವರು ಏನೋ ಇತ್ತು ಅಂತಾರ. ಹೊಸಾದೇ ಬರದು ಕೊಡತೀನಿ’ ಎಂದು ಹಳೆಯದರ ಎರಡರಷ್ಟು ದೊಡ್ಡ ತಗಡಿನ ಮೇಲೆ, ನೆರಳು ಬಿಟ್ಟ ಕೆಂಪು ಅಕ್ಷರಗಳಲ್ಲಿ ‘ಮುಖ್ಯ ಗುರುಗಳು’ ಎಂದು ಬರೆದು, ಕೆಳಗೆ ಎರಡು ಹೂವಿನ ಬಳ್ಳಿ ಬಿಡಿಸಿ, ರಸ್ತೆಯಿಂದಲೇ ಕಾಣುವ ಹಾಗೆ ಮೊಳೆ ಹೊಡೆದು ಹೋದ. ಅಕ್ಕೋರು ಅದನ್ನು ನೋಡಿ ನಕ್ಕರು. ‘ಇರಲಿ ಬಿಡ್ರಿ ಸರ್, ಮಗಳ ಲಗ್ನ. ನನಗೂ ಮುಂದ ಇದೇ ಬೋರ್ಡ ಆಗತದ, ಖರ್ಚ ಉಳೀತು’ ಎಂದರು.

ಸೋಮವಾರ ಬೀಗರು ಜೀಪಿನಿಂದ ಇಳಿದರು. ವಿಶ್ವರಾಧ್ಯ ಬೋರ್ಡಿನ ಕೆಳಗೆ ನಿಂತು ತಲೆಯೆತ್ತಿ ಓದಿ, ‘ಹ್ಞೂಂ’ ಎಂದರು. ಆ ಹ್ಞೂಂಕಾರ ಮೆಚ್ಚುಗೆಯದೋ ಬೇಸರದ್ದೋ ಮಾಸ್ತರರಿಗೆ ತಿಳಿಯಲಿಲ್ಲ. ಮೆಚ್ಚುಗೆ ಎಂದೇ ಇಟ್ಟುಕೊಂಡರು. ಬಿಸಿಯೂಟದ ಮೋನಮ್ಮ ಚಹಾ ತಂದಳು. ಎಲ್ಲವೂ ಅಲ್ಲಿಗೇ ಮುಗಿಯಬೇಕಿತ್ತು. ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಅಂಬ್ರಪ್ಪ ರಸ್ತೆಯಲ್ಲಿ ಹೋಗುತ್ತಿದ್ದವನು ಬೋರ್ಡು ನೋಡಿ ಒಳಗೆ ಬಂದ.

‘ಏನ್ರಿ ಸರ್, ಪರ್ಮನಂಟ್ ಆದ್ರಿ, ಊರಿಗೆ ಒಂದು ಮಾತು ಹೇಳಲಿಲ್ಲ?’

ಮಾಸ್ತರರು ಬೀಗರ ಮುಖ ನೋಡಿದರು, ಅಂಬ್ರಪ್ಪನ ಮುಖ ನೋಡಿದರು. ಬಿಸಿತುಪ್ಪ ಬಾಯಲ್ಲಿತ್ತು. ‘ಹೇಳಬೇಕಂತಿದ್ದೆ’ ಎಂದರು.

‘ಹೇಳೂದೇನು, ಕುಂದರ್ರಿ’ ಎಂದು ಅಂಬ್ರಪ್ಪ ಹೊರಟವನು ಶಾಲು, ಹಾರ, ಕಾಯಿ ಮತ್ತು ಹತ್ತು ಜನರನ್ನು ಹಿಡಿದುಕೊಂಡೇ ಬಂದ. ನಮ್ಮ ಕಡೆ ಒಬ್ಬ ಮನುಷ್ಯನಿಗೆ ನೀರು ಕೊಡಲು ತಡವಾಗಬಹುದು, ಸನ್ಮಾನ ಮಾಡಲು ತಡವಾಗುವುದಿಲ್ಲ. ಮಾಸ್ತರರನ್ನು ಬೋರ್ಡಿನ ಕೆಳಗೇ ಕುರ್ಚಿ ಹಾಕಿ ಕೂಡಿಸಿದರು. ಹಾರ ಹಾಕುವಾಗ ಗೇಟಿನಲ್ಲಿ ಇನ್ನೊಂದು ಬೈಕು ನಿಂತಿತು.

ಬಂದವರು ಮನ್ಸೂರಅಲಿ. ಸುತ್ತಲಿನ ಶಾಲೆಗಳನ್ನೆಲ್ಲ ಸುತ್ತಿ ಮಾಹಿತಿ ಕೂಡಿಸಿ ಮೇಲಕ್ಕೆ ಕಳಿಸುವ ಸಿ.ಆರ್.ಪಿ. ಈ ಭಾಗಕ್ಕೆ ಆ ವಾರವಷ್ಟೇ ವರ್ಗವಾಗಿ ಬಂದಿದ್ದರು. ಅವರಿಗೊಂದು ತುರ್ತು ಕೆಲಸವಿತ್ತು. ಯಾವ ಶಾಲೆಗೆ ಹೆಡ್‌ಮಾಸ್ತರರಿದ್ದಾರೆ, ಯಾವುದಕ್ಕಿಲ್ಲ ಎಂಬುದನ್ನು ಬೋರ್ಡಿನ ಸಮೇತ ಫೋಟೋ ತೆಗೆದು ಆ್ಯಪಿಗೆ ಹಾಕಬೇಕಿತ್ತು.

‘ಮಾಷಾಲ್ಲಾ’ ಎಂದರು ಮನ್ಸೂರಅಲಿ. ‘ನೋಡಿದ ಸಾಲಿಗೆಲ್ಲ ಇನ್‌ಚಾರ್ಜ್ ನೋಡಿ ನೋಡಿ ಕಣ್ಣು ನೊಂದಿದ್ವು. ಜರಾ ಈಕಡಿ ನೋಡ್ರಿ ಸರ್. ಶಾಲು ಕಾಣಲಿ.’

ಮಾಸ್ತರರು ಹಾರದ ಒಳಗಿನಿಂದ ಪಿಸುಗುಟ್ಟಿದರು. ‘ಸಾಹೇಬ್ರ, ನಿಮಗೊಂದು ಮಾತು ಹೇಳೂದದ...’

‘ಏನು ಮಾತು?’ ಎಂದು ಪಕ್ಕದಲ್ಲಿ ನಿಂತಿದ್ದ ವಿಶ್ವರಾಧ್ಯ ಕೇಳಿದರು.

‘ಚಹಾ ಕುಡದು ಹೋಗ್ರಿ ಅನ್ನಾಕತ್ತಿದ್ದೆ’ ಎಂದರು ಮಾಸ್ತರರು.

ಫೋಟೋ ಚೆನ್ನಾಗಿ ಬಂತು. ಬೋರ್ಡು, ಶಾಲು, ಹಾರ, ಸಮಿತಿಯ ಅಧ್ಯಕ್ಷ, ನಡುವೆ ಅಳುಮುಖದ ಒಬ್ಬ ಮುಖ್ಯ ಗುರು. ಕಡತದಲ್ಲಿ ಅವರು ಬಡ್ತಿ ಬೇಡವೆಂದು ಬರೆದುಕೊಟ್ಟ ಕಾಗದ ಇದ್ದೇ ಇತ್ತು. ಆದರೆ ಕಡತ ಬೇಕಾದರೆ ಎದ್ದು ಹೋಗಿ ಕಪಾಟು ತೆರೆಯಬೇಕು, ಧೂಳು ಕೊಡವಬೇಕು. ಫೋಟೋ ಕುಳಿತಲ್ಲೇ ಕಾಣುತ್ತದೆ. ಮುಂದಿನ ವಾರ ಕಾಯಂ ಹೆಡ್‌ಮಾಸ್ತರರಿಗೆ ಮಾತ್ರ ಎಂದು ಯಾದಗಿರಿಯಲ್ಲಿ ಇಟ್ಟ ‘ನಾಯಕತ್ವ ತರಬೇತಿ’ಗೆ ರೇವಣಸಿದ್ದ ಮಾಸ್ತರರ ಹೆಸರಿಗೆ ಆದೇಶ ಬಂತು.

ಹೋಗದಿದ್ದರೆ ನೋಟಿಸು. ಹೋದರೆ ಸುಳ್ಳು. ಅಲ್ಲೇ ಹೋಗಿ ನಿಜ ಹೇಳಿಬಿಡುತ್ತೇನೆಂದು ಮಾಸ್ತರರು ಹೊರಟರು. ಅವರ ಮನಸ್ಸಿನಲ್ಲಿ ಅದಿತ್ತು, ಅದನ್ನು ನಾನು ಒಪ್ಪುತ್ತೇನೆ.

ತರಬೇತಿ ಕೊಡಲು ಹೊರಗಿನಿಂದ ಒಬ್ಬ ತರುಣ ಬಂದಿದ್ದ. ಎಲ್ಲರ ಕುರ್ಚಿಗಳನ್ನೂ ದುಂಡಗೆ ಹಾಕಿಸಿದ. ‘ಕಣ್ಣು ಮುಚ್ಚಿ. ನಿಮ್ಮ ಕನಸಿನ ಶಾಲೆಯನ್ನು ನೋಡಿ’ ಎಂದ. ಹೆಡ್‌ಮಾಸ್ತರರೆಲ್ಲ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಒಂದು ಫೋನು ಬಡಿಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಎಲ್ಲ ಊರುಗಳ ಅಡುಗೆಯವರೂ ಅಡುಗೆಗೆ ಕೂಡುವ ಹೊತ್ತು ಅದು. ದುಂಡಗಿನ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡೇ ಎಲ್ಲರೂ ಮಾತಾಡತೊಡಗಿದರು. ‘ಸಿಲಿಂಡರ್ ಖಾಲಿ ಆತೇನು? ಪಕ್ಕದ ಮನ್ಯಾಗ ಕೇಳು.’ ‘ಬ್ಯಾಳಿಗೆ ಹುಳ ಬಿದ್ದಾವೇನು? ಬಿಸಲಿಗೆ ಹಾಕು.’ ಇದು ತರುಣನ ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ. ಮೋನಮ್ಮ ಮಾತ್ರ ಮಾಸ್ತರರಿಗೆ ಫೋನು ಮಾಡಲಿಲ್ಲ, ಶಾಲೆಯಲ್ಲಿ ಅಕ್ಕೋರಿದ್ದರು.

ಮೂರನೆಯ ದಿನ ಮಾಸ್ತರರು ಧೈರ್ಯ ಮಾಡಿ ಎದ್ದು ನಿಂತರು.

‘ಸರ್, ನಾ ಒಂದು ಖರೆ ಮಾತು ಹೇಳಬೇಕಾಗ್ಯಾದ. ನಾ ಹೆಡ್‌ಮಾಸ್ತರ ಅಲ್ರಿ.’

ತರುಣನ ಕಣ್ಣಲ್ಲಿ ನೀರು ಬಂತು. ‘ನೋಡಿ’ ಎಂದ, ಎಲ್ಲರ ಕಡೆಗೆ ತಿರುಗಿ. ‘ಇದನ್ನು ಒಪ್ಪಿಕೊಳ್ಳಲು ಎಷ್ಟು ದೊಡ್ಡ ಮನಸ್ಸು ಬೇಕು. ಕುರ್ಚಿಯಲ್ಲಿ ಕೂತ ಮಾತ್ರಕ್ಕೆ ನಾವು ಮುಖ್ಯ ಗುರುಗಳಾಗುವುದಿಲ್ಲ. ಇವರಿಗೆ ಅದು ತಿಳಿದಿದೆ.’

‘ಹಂಗಲ್ರಿ, ನಾ ಖರೇನ ಅಲ್ಲ.’

ಚಪ್ಪಾಳೆ ಬಿತ್ತು. ಸುರಪುರದ ಕಡೆಯ ಒಬ್ಬ ಹಿರಿಯ ಹೆಡ್‌ಮಾಸ್ತರರು ಎದ್ದರು. ‘ನಾನೂ ಅಲ್ರಿ. ಹನ್ನೊಂದು ವರ್ಷದಿಂದ ಆ ಕುರ್ಚ್ಯಾಗ ಕುಂತೀನಿ, ಒಂದು ದಿನಾನೂ ಮಕ್ಕಳ ಮುಖ ನೆಟ್ಟಗ ನೋಡಿಲ್ಲ. ಬರೇ ಮೊಟ್ಟಿ ಎಣಿಸೀನಿ.’ ಅವರ ಹಿಂದೆ ಇನ್ನೊಬ್ಬರು ಎದ್ದರು, ಆಮೇಲೆ ಮತ್ತೊಬ್ಬರು. ಸಂಜೆಯ ಹೊತ್ತಿಗೆ ಆ ಸಭಾಂಗಣದಲ್ಲಿ ಹೆಡ್‌ಮಾಸ್ತರರೆಂಬವರು ಒಬ್ಬರೂ ಉಳಿದಿರಲಿಲ್ಲ. ಕೆಲವರು ನಿಜವಾಗಿಯೂ ಅತ್ತರು. ನನಗೆ ಈ ಕಥೆಯಲ್ಲಿ ನಗು ಬಾರದ ಜಾಗಗಳಲ್ಲಿ ಇದೊಂದು. ಅಷ್ಟು ವರ್ಷಗಳಲ್ಲಿ ಅವರನ್ನು ‘ಹೇಗಿದ್ದೀರಿ’ ಎಂದು ಕೇಳಿದವರು ಆ ತರುಣನೊಬ್ಬನೇ ಇರಬೇಕು. ಮಾಸ್ತರರಿಗೆ ‘ಅತ್ಯುತ್ತಮ ಶಿಬಿರಾರ್ಥಿ’ ಎಂಬ ಪ್ರಶಸ್ತಿ ಸಿಕ್ಕಿತು.

ಅವರು ಪ್ರಶಸ್ತಿ ಹಿಡಿದು ಊರಿಗೆ ಬಂದಾಗ ಮನ್ಸೂರಅಲಿ ಇನ್ನೊಂದು ಶುಭ ಸುದ್ದಿ ಕೊಟ್ಟರು.

‘ನಿಮ್ಮ ಸಾಲಿ ಖಾಲಿ ಪಟ್ಟಿಯಿಂದ ತಗದೀವಿ ಸರ್. ಇನ್ನ ಯಾರೂ ನಿಮ್ಮ ಕುರ್ಚಿಗೆ ಬರಂಗಿಲ್ಲ. ಬೇಫಿಕರ್ ಇರ್ರಿ.’

ಮಾಸ್ತರರು ಚಹಾದ ಲೋಟ ಕೆಳಗಿಟ್ಟರು. ಮೊದಲ ಸಲ ಅವರಿಗೆ ಲೆಕ್ಕ ತಿಳಿಯಿತು. ಖಾಲಿ ಪಟ್ಟಿಯಲ್ಲಿ ಕಾರಗುಂಡ ಇಲ್ಲದಿದ್ದರೆ ಅಕ್ಕೋರು ಅದನ್ನು ಆರಿಸಿಕೊಳ್ಳುವ ಹಾಗಿಲ್ಲ. ಅಕ್ಕೋರು ಬರದಿದ್ದರೆ ಎಂಟನೆಯ ತರಗತಿ ಇಲ್ಲ.

‘ಸಾಹೇಬ್ರ, ತಪ್ಪಾಗ್ಯಾದ. ನಾ ಇನ್‌ಚಾರ್ಜ್ ಇದ್ದೀನಿ. ಇದನ್ನ ತಿದ್ದಾಕ ಏನ ಮಾಡಬೇಕು?’

ಮನ್ಸೂರಅಲಿಯ ಮುಖ ಸಪ್ಪಗಾಯಿತು. ಒಂದು ಒಳ್ಳೆಯ ಫೋಟೋ ಹಾಳಾಯಿತಲ್ಲ. ಆದರೂ ಒಳ್ಳೆಯ ಮನುಷ್ಯ, ದಾರಿ ಹೇಳಿದರು. ‘ಒಂದು ಕಾಗದದಾಗ ನಾ ಪ್ರಭಾರಿ ಇದ್ದೀನಿ ಅಂತ ಬರದು ಕೊಡ್ರಿ, ಸಾಕು. ವಿಶ್ವರಾಧ್ಯ ಸಾಹೇಬ್ರ ಟೇಬಲ್‌ಗೆ ಹೋಗತದ, ಅವರು ತಿದ್ದತಾರ.’

ವಿಶ್ವರಾಧ್ಯ ಸಾಹೇಬರ ಟೇಬಲ್ಲು. ಮಾಸ್ತರರು ಮನೆಗೆ ಬಂದು ಹೆಂಡತಿಗೆ ಹೇಳಿದರು.

‘ಬರದು ಕೊಡ್ರಿ, ಯಾರು ಬ್ಯಾಡ ಅಂತಾರ’ ಎಂದರು ಸೌಭಾಗ್ಯಮ್ಮ. ‘ಮಗಳ ನಿಶ್ಚಯ ಆಗಲಿ, ಮರುದಿನಾನೇ ಬರದು ಕೊಡ್ರಿ. ಮುಂದಿನ ವಾರ ನಿಶ್ಚಯ ಅದ. ಒಂದು ವಾರ ನಿಂತ್ರ ಸಾಲಿ ಎಲ್ಲಿ ಓಡಿ ಹೋಗತದ?’

ಮುಂದಿನ ವಾರ ವಿಶ್ವರಾಧ್ಯರಿಂದ ಫೋನು ಬಂತು. ನಿಶ್ಚಯ ಮುಂದಕ್ಕೆ ಹೋಗಿತ್ತು. ಕೌನ್ಸೆಲಿಂಗ್ ಬಂದಿರುವುದರಿಂದ ಕಚೇರಿಯಲ್ಲಿ ರಜೆ ಸಿಗದು, ಅದು ಮುಗಿದ ಮೇಲೆ ನೋಡೋಣ ಎಂದರು. ಕೌನ್ಸೆಲಿಂಗ್ ಶುಕ್ರವಾರವಿತ್ತು. ಬುಧವಾರ, ಗುರುವಾರ ಎರಡು ದಿನ ಮಾಸ್ತರರ ಕೈಯಲ್ಲಿ ಪೆನ್ನಿತ್ತು, ಮುಂದೆ ಬಿಳಿ ಹಾಳೆಯಿತ್ತು. ಇಲ್ಲಿ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಅಕ್ಕೋರು ಅದೇ ಕೋಣೆಗೆ ಬಂದು, ‘ಸರ್, ಪಟ್ಟಿದಾಗ ನಮ್ಮ ಸಾಲಿ ಇರತದಲ್ರಿ?’ ಎಂದು ಕೇಳಿದರು. ‘ಇರದ ಎಲ್ಲಿ ಹೋಗತದ್ರಿ’ ಎಂದರು ಇವರು.

ಶುಕ್ರವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಯಾದಗಿರಿಗೆ ಹೋದರು. ಅಕ್ಕೋರು ಹೊಸ ಸೀರೆ ಉಟ್ಟಿದ್ದರು. ಜೊತೆಗೆ ಬನ್ನಿ ಎಂದು ಮಾಸ್ತರರನ್ನು ಅವರೇ ಕರೆದಿದ್ದರು. ಹಿರಿಯರು ಜೊತೆಗಿದ್ದರೆ ಒಳ್ಳೆಯದು ಎಂದಿದ್ದರು.

ಸಭಾಂಗಣದಲ್ಲಿ ಗೋಡೆಯ ಮೇಲೆ ದೊಡ್ಡ ಪರದೆ. ಅದರ ಮೇಲೆ ಖಾಲಿ ಶಾಲೆಗಳ ಪಟ್ಟಿ. ವೇದಿಕೆಯ ಮೇಲೆ ಒಬ್ಬ ದೊಡ್ಡ ಅಧಿಕಾರಿ, ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ವಿಶ್ವರಾಧ್ಯ. ಹೆಸರು ಕೂಗಿದವರು ಮುಂದೆ ಬಂದು, ಪಟ್ಟಿ ನೋಡಿ, ಶಾಲೆ ಹೇಳಿ, ಸಹಿ ಮಾಡಿ ಹೋಗಬೇಕು. ಅಕ್ಕೋರ ಸರದಿ ಬಂತು.

‘ಕಾರಗುಂಡ ಸರ್’ ಎಂದರು.

‘ಅದು ಖಾಲಿ ಇಲ್ಲಮ್ಮ. ಹೆಡ್‌ಮಾಸ್ತರ ಅದಾರ’ ಎಂದರು ಅಧಿಕಾರಿ.

‘ಇಲ್ರಿ ಸರ್. ಪ್ರಭಾರಿ ಅದಾರ. ನಾ ಅದೇ ಸಾಲ್ಯಾಗ ಕೆಲಸ ಮಾಡತೀನಿ.’

‘ಸೂಪರಿಂಟೆಂಡೆಂಟ್ರ, ತೋರಸ್ರಿ.’

ಪರದೆಯ ಮೇಲೆ ಫೋಟೋ ಬಂತು. ಆಳೆತ್ತರದ ರೇವಣಸಿದ್ದ ಮಾಸ್ತರರು, ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ತಲೆಯ ಮೇಲೆ ಮುಜಫರನ ಕೆಂಪು ಅಕ್ಷರಗಳು. ಅದರ ಹಿಂದೆಯೇ ಎರಡನೆಯ ಫೋಟೋ ಬಂತು. ಅತ್ಯುತ್ತಮ ಶಿಬಿರಾರ್ಥಿ. ಸಭೆಯೆಲ್ಲ ತಲೆ ಹೊರಳಿಸಿ ಮಾಸ್ತರರನ್ನು ನೋಡಿತು. ಅಕ್ಕೋರೂ ನೋಡಿದರು.

ಮಾಸ್ತರರು ಎದ್ದು ನಿಂತರು. ‘ಸಾಹೇಬ್ರ, ನಾ ಹೆಡ್‌ಮಾಸ್ತರ ಅಲ್ರಿ.’

ಅಧಿಕಾರಿಯ ಮುಖ ಅರಳಿತು. ‘ನೀವೇ ಏನ್ರಿ ಅವರು? ತರಬೇತಿದಾಗ ನೀವು ಆಡಿದ ಮಾತು ನಮ್ಮ ತನಕ ಬಂದದ. ಈಗಿನ ಕಾಲದಾಗ ಇಷ್ಟು ವಿನಯ ಇರೋ ಹೆಡ್‌ಮಾಸ್ತರು ಸಿಗೂದು ಕಠಿಣ.’ ಹಿಂದಿನ ಸಾಲಿನಿಂದ ಚಪ್ಪಾಳೆ ಕೇಳಿಸಿತು.

‘ಸರ್, ಅವರು ಖರೇನ ಹೇಳಾಕತ್ತಾರ’ ಎಂದರು ಅಕ್ಕೋರು. ‘ಅವರು ಬಡ್ತಿ ಬ್ಯಾಡ ಅಂತ ಬರದು ಕೊಟ್ಟಾರ.’

‘ನಿಮಗ ಆ ಸಾಲಿ ಬೇಕಾಗ್ಯಾದ, ಅದಕ್ಕ ಹಂಗ ಅಂತೀರಿ. ಹಿಂದ ಜನ ನಿಂತಾರ, ಜಲ್ದಿ ಬ್ಯಾರೆ ಸಾಲಿ ಹೇಳ್ರಿ.’

ಆಗ ವಿಶ್ವರಾಧ್ಯ ಕಂಪ್ಯೂಟರಿನಿಂದ ತಲೆಯೆತ್ತಿದರು. ಮಾತು ಕಡಿಮೆಯ ಮನುಷ್ಯ ಎಂದೆನಲ್ಲ, ಆಡಿದರೆ ನೆಟ್ಟಗೆ ಆಡುವವರು. ‘ನಿಂದರ್ರಿ ಸಾಹೇಬ್ರ. ಮಾಸ್ತರ್ರ, ಒಂದ ಮಾತಿನ್ಯಾಗ ಹೇಳ್ರಿ. ವಿನಯ ಗಿನಯ ಬ್ಯಾಡ. ನೀವು ಕಾಯಮ್ಮೋ, ಇನ್‌ಚಾರ್ಜೋ? ಇನ್‌ಚಾರ್ಜ್ ಇದ್ರ ಈಗ್ಲೇ ತಿದ್ದತೀನಿ, ಟೀಚರ್‌ಗೆ ಈ ಸಾಲಿ ಕೊಡೂಣು.’

ಅಕ್ಕೋರು ಮಾಸ್ತರರನ್ನು ನೋಡಿ ಸಣ್ಣಗೆ ತಲೆಯಾಡಿಸಿದರು, ಹೇಳಿ ಎಂಬಂತೆ. ಮಾಸ್ತರರು ಬಾಯಿ ತೆರೆದರು. ಎದುರಿಗೆ ಕುಳಿತವರು ಸೂಪರಿಂಟೆಂಡೆಂಟಲ್ಲ, ಬೀಗರು. ಮಗಳ ಮುಖ ಕಣ್ಣಿಗೆ ಬಂತು, ಅದರ ಹಿಂದೆ ಹೆಂಡತಿಯ ಮುಖ ಬಂತು. ತೆರೆದ ಬಾಯಿಂದ ಹೊರಗೆ ಬಂದದ್ದು ಇಷ್ಟು.

‘ನೀವು ಹ್ಯಾಂಗ ತಿಳಕೊಂಡೀರಿ, ಹಂಗರಿ.’

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ವಿಶ್ವರಾಧ್ಯ ಒಂದು ಗಳಿಗೆ ಕಾದರು. ‘ಹ್ಞೂಂ’ ಎಂದು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದರು. ಪಟ್ಟಿಯಲ್ಲಿ ಉಳಿದದ್ದು ದೂರದ ಊರುಗಳು. ಅಕ್ಕೋರು ಕೊಡೇಕಲ್ಲಿನ ಆಚೆಯ ಒಂದು ಹಳ್ಳಿ ಹೇಳಿ ಸಹಿ ಮಾಡಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಮುಂದಿನ ಸೀಟಿನಲ್ಲಿ ಕುಳಿತರು. ಭೀಮಾ ಹೊಳೆ ದಾಟಿದ ಮೇಲೆ ಒಮ್ಮೆ ಹಿಂದೆ ತಿರುಗಿದರು. ಬೈಯುತ್ತಾರೆಂದು ಮಾಸ್ತರರು ಕಾದರು, ಬೈದಿದ್ದರೆ ಅವರಿಗೂ ಹಗುರಾಗುತ್ತಿತ್ತು.

‘ಎಂಟನೇ ಕ್ಲಾಸಿನ ಅರ್ಜಿ ಕಪಾಟಿನ ಮ್ಯಾಲಿನ ಖಾನೆದಾಗ ಅದ ಸರ್. ಈಗ ಕಾಗದದಾಗ ನೀವೇ ಕಾಯಂ, ನೀವೇ ಹೋಗಿ ಕೇಳಬೇಕು. ಕೇಳೂದು ಬಿಟ್ರ ಅವರು ಮರೀತಾರ’ ಎಂದು ಹೇಳಿ ಮತ್ತೆ ಮುಂದೆ ತಿರುಗಿದರು.

ನಾಲ್ಕು ದಿನ ಬಿಟ್ಟು ವಿಶ್ವರಾಧ್ಯರ ಫೋನು ಬಂತು. ಸೌಭಾಗ್ಯಮ್ಮ ಸ್ಪೀಕರ್ ಹಾಕಿಸಿದರು. ಹಂಚಲು ಸಕ್ಕರೆ ತರಿಸಿಟ್ಟಿದ್ದರು. ನಾನೂ ಅಲ್ಲೇ ಕುಳಿತಿದ್ದೆ.

‘ಹುಡುಗಿ ಬೇಷ್ ಅದಾಳ್ರಿ, ಅದರಾಗ ಮಾತಿಲ್ಲ’ ಎಂದಿತು ಫೋನು. ‘ಆದ್ರ ನಮ್ಮ ಅಣ್ಣ ಹೆಡ್‌ಮಾಸ್ತರ ಮನಿ ಬ್ಯಾಡ ಅಂತಾನ. ತಪ್ಪು ತಿಳಕೋಬ್ಯಾಡ್ರಿ. ನನ್ನ ಟೇಬಲ್ ತುಂಬ ಹೆಡ್‌ಮಾಸ್ತರ ನೋಟಿಸೇ ಅವ. ಒಬ್ಬ ಮೊಟ್ಟಿದಾಗ ಸಿಕ್ಕಾನ, ಒಬ್ಬ ಅಕ್ಕಿದಾಗ ಸಿಕ್ಕಾನ, ಏನೂ ಮಾಡದವನು ಸಹಿದಾಗ ಸಿಕ್ಕಾನ. ನಾಳೆ ನಿಮಗೂ ಒಂದು ನೋಟಿಸ್ ಬಂದ್ರ, ಬೀಗರಿಗೆ ನಾನೇ ಸಹಿ ಮಾಡಿ ಕಳಸಬೇಕಾಗತದ. ಬರೇ ಮಾಸ್ತರ ಇದ್ದಿದ್ರ ಕಣ್ಣ ಮುಚ್ಚಿ ಮಾಡತಿದ್ವಿ. ಅವತ್ತು ಸಭಾದಾಗ ಅದಕ್ಕ ಕೇಳಿದ್ದು ನಾನು. ಇನ್‌ಚಾರ್ಜ್ ಅಂತೀರೇನೋ ಅಂತ ದೇವರಿಗೆ ಕೈ ಮುಗದು ಕುಂತಿದ್ದೆ.’

ಫೋನು ಇಟ್ಟ ಮೇಲೆ ಸೌಭಾಗ್ಯಮ್ಮ ಗಂಡನನ್ನು ಕೇಳಿದರು. ‘ಇನ್‌ಚಾರ್ಜ್ ಅಂತ ಹೇಳಾಕ ನಿಮಗೇನಾಗಿತ್ತು? ಇದ್ದದ್ದು ಇದ್ದಂಗ ಹೇಳೂ ಮನಷ್ಯಾ ಅಲ್ಲ ನೀವು.’ ಭುವನೇಶ್ವರಿ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಅಕ್ಕೋರನ್ನು ಶಾಲೆಯಿಂದ ಬಿಡುಗಡೆ ಮಾಡುವ ಆದೇಶಕ್ಕೆ ಹೆಡ್‌ಮಾಸ್ತರರ ಸಹಿ ಬೇಕು. ಅದನ್ನು ಬರೆಯುವುದು ಹೇಗೆಂದು ಮಾಸ್ತರರಿಗೆ ತಿಳಿಯಲಿಲ್ಲ. ಅಕ್ಕೋರೇ ಕುಳಿತು ತಮ್ಮ ಬಿಡುಗಡೆಯನ್ನು ದುಂಡನೆಯ ಅಕ್ಷರದಲ್ಲಿ ಬರೆದುಕೊಟ್ಟರು. ಇವರು ಕೆಳಗೆ ಸಹಿ ಮಾಡಿದರು. ಅಂಬ್ರಪ್ಪ ಶಾಲು ತಂದಿದ್ದ. ಮೋನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಅಕ್ಕೋರ, ಅಲ್ಲಿ ಊಟಕ್ಕ ಹ್ಯಾಂಗ ಮಾಡತೀರಿ’ ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಸಣ್ಣ ಮಕ್ಕಳು ಸ್ಕೂಟಿಯ ಹಿಂದೆ ಊರ ಬಾಗಿಲ ಅಗಸಿಯವರೆಗೂ ಓಡಿದರು.

ಆ ಮಧ್ಯಾಹ್ನ ಏಳನೆಯ ತರಗತಿಯ ಸಂಘಮಿತ್ರಾ ಕೋಣೆಯ ಬಾಗಿಲಿಗೆ ಬಂದು ನಿಂತಳು. ಗಣಿತದಲ್ಲಿ ಚುರುಕಿನ ಹುಡುಗಿ. ತರಬೇತಿಯ ವಾರದಲ್ಲಿ ಅಕ್ಕೋರು ಹೊಲದಿಂದ ಕರೆತಂದವರಲ್ಲಿ ಅವಳೂ ಒಬ್ಬಳು.

‘ಸರ್, ನಮ್ಮ ಸಾಲ್ಯಾಗ ಎಂಟನೇ ಕ್ಲಾಸ ಆಗತದೇನ್ರಿ?’

ಮಾಸ್ತರರು ಕಪಾಟಿನ ಕಡೆ ನೋಡಿದರು. ‘ಯಾರು ಕೇಳ್ಯಾರ?’

‘ನಮ್ಮಪ್ಪ ಕೇಳ್ಯಾನ್ರಿ. ಆಗಂಗಿದ್ರ ಸಾಲಿ ಕಲಿ, ಇಲ್ಲಂದ್ರ ನಾಳಿಂದ ಹತ್ತಿ ಬಿಡಸಾಕ ಹೋಗು ಅಂದಾನ. ಅಕ್ಕೋರು ಹೋಗೂ ಮುಂದ ಹೇಳಿದ್ರು, ಹೆಡ್‌ಮಾಸ್ತರನ್ನ ಕೇಳವ್ವ ಅಂತ.’

ಆಗುತ್ತದೆ ಎನ್ನಬಹುದಿತ್ತು. ನಾನೇ ಹೋಗಿ ಕೇಳಿ ಬರುತ್ತೇನೆ ಎನ್ನಬಹುದಿತ್ತು. ಆದರೆ ಮಾಸ್ತರರ ಬಾಯಲ್ಲಿ ಒಂದು ಮಾತು ಬಹಳ ದಿನದಿಂದ ಕಾದಿತ್ತು. ಎದುರಿಗೆ ಬೀಗರಿರಲಿಲ್ಲ, ಅಧಿಕಾರಿ ಇರಲಿಲ್ಲ, ಚಪ್ಪಾಳೆ ತಟ್ಟುವವರಿರಲಿಲ್ಲ. ಅಂತೂ ಅದು ಹೊರಗೆ ಬಂತು.

‘ನಾ ಹೆಡ್‌ಮಾಸ್ತರ ಅಲ್ಲ ತಂಗಿ’ ಎಂದರು.

ಆ ಮಾತನ್ನು ಅವರು ಹೇಳಿದ್ದು ಅದು ಮೂರನೆಯ ಸಲ. ಹುಡುಗಿ ಅವರ ಮುಖವನ್ನು ನೋಡಿದಳು. ‘ಹೌದೇನ್ರಿ’ ಎಂದಳು. ಅವಳು ನಂಬಿದಳು. ತರಗತಿಗೆ ಹೋಗಿ ಚೀಲ ತೆಗೆದುಕೊಂಡು, ಅಪ್ಪನಿಗೆ ಹೇಳಲು ಮನೆಗೆ ಹೋದಳು.